ಮೋಟಾರಿನಲ್ಲಿ ದಾರಿ ತೋರುವ ಯಂತ್ರ

ಹಿಂದಿನ ಕಾಲದಲ್ಲಿ ಪರಸ್ಥಳಕ್ಕೆ ಹೊರಟವರು ದಾರಿಯಲ್ಲಿ ಕಂಡವರನ್ನು ಕೇಳಿ ಕೇಳಿ ಮುಂದೆ ಸಾಗುತ್ತಿದ್ದರು. ಹುಣಸೂರಿನಲ್ಲಿ ಒಬ್ಬರು ಹೇಳಿದ ಗುರುತು ಹನಗೋಡಿನವರೆಗೆ ಸಾಲುತ್ತಿದ್ದಿತು. ಅಲ್ಲಿಂದ ಮುಂದಕ್ಕೆ ಮತ್ತೊಬ್ಬರು ಹೇಳಬೇಕಾಗಿದ್ದಿತು. ಆಲದ ಮರ, ಅರಳೀಕಟ್ಟೆ, ಕೆರೆಯ ಏರಿ, ಮಾರಿಗುಡಿ ಇವೇ ಅಂದಿನ ಕೈಮರಗಳು. ಇಂದಾದರೋ ಆ ಕೆಲಸವನ್ನು ಅಂಗೈಯಗಲದ ಯಂತ್ರವೊಂದು ಮಾಡುತ್ತಿರುವುದು. ಅದು ಎಡಕ್ಕೆ ತಿರುಗೆಂದೂ ಬಲಕ್ಕೆ ತಿರುಗೆಂದೂ ನುಡಿಯುವುದಲ್ಲದೆ, ಮುಂದೆ ವೇಗವನ್ನು ಅಳೆಯುವ ಕ್ಯಾಮರಾ ಇದೆ, ನಿಧಾನಿಸು ಎಂದು ಎಚ್ಚರಿಕೆಯನ್ನೂ ಕೊಡುವುದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಈಗ ಕಾರುಳ್ಳ ಮನೆಗಳು ಅನೇಕವಾಗಿವೆ. ಮಕ್ಕಳು ಬೆಂಗಳೂರಿನಲ್ಲಿರುವರು; ಹಬ್ಬಹುಣ್ಣಿಮೆಗಳಿಗೆ ಹೋಗಿಬರುವುದು ವಾಡಿಕೆಯಾಗಿದೆ. ಹೋಗಿಬಂದ ಕೆಲವು ದಿನಗಳಲ್ಲಿಯೇ ಮಿತಿಮೀರಿದ ವೇಗಕ್ಕಾಗಿ ದಂಡ ತೆರಬೇಕೆಂಬ ಸೂಚನೆಯು ಗಾಡಿಯ ಚಿತ್ರದೊಡನೆ ಮೊಬೈಲಿಗೆ ಬರುವುದೂ ಹೊಸದಾಗಿ ಉಳಿದಿಲ್ಲ. ಆದಕಾರಣ "ಕ್ಯಾಮರಾ ಇರುವುದನ್ನು ತಿಳಿಸುವ ಯಂತ್ರಗಳಲ್ಲಿ ಯಾವುದನ್ನು ಕೊಳ್ಳಬೇಕು?" ಎಂದು ಗೃಹಸ್ಥರು ಒಬ್ಬರನ್ನೊಬ್ಬರು ವಿಚಾರಿಸುತ್ತಿರುವರು. ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಮೊದಲು ಆ ಯಂತ್ರದ ಸ್ವರೂಪವನ್ನು ತಿಳಿಯುವುದು ಯುಕ್ತ.

ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಅಮೆರಿಕಾ ದೇಶದವರು ಹಾರಿಸಿದ ಉಪಗ್ರಹಗಳು ಸುತ್ತುತ್ತಿರುವುವು. ಇವುಗಳ ವ್ಯವಸ್ಥೆಗೆ ಜಿ.ಪಿ.ಎಸ್. ಎಂದು ಹೆಸರು, ಅದು ಪೂರ್ಣವಾಗಿ ಕೆಲಸಕ್ಕೆ ಬಂದುದು 1995ರಲ್ಲಿ. ಪ್ರತಿಯೊಂದು ಉಪಗ್ರಹದಲ್ಲಿಯೂ ಅತಿಸೂಕ್ಷ್ಮವಾದ ಪರಮಾಣು ಗಡಿಯಾರಗಳುಂಟು. "ನಾನು ಇಂಥವನು, ಈಗ ಇಂಥ ಸ್ಥಳದಲ್ಲಿರುವೆನು, ಈಗಿನ ಕಾಲ ಇಷ್ಟು" ಎಂದು ಅವು ಎಡೆಬಿಡದೆ ಸಾರುತ್ತಿರುವುವು. ಆ ಸಾರಿಕೆಯು ನಮ್ಮ ಯಂತ್ರಕ್ಕೆ ಮುಟ್ಟಲು ಹಿಡಿದ ಕಾಲದಿಂದ ಉಪಗ್ರಹವು ಎಷ್ಟು ದೂರದಲ್ಲಿದೆಯೆಂಬುದು ಗೊತ್ತಾಗುವುದು. ನಾಲ್ಕು ಉಪಗ್ರಹಗಳ ದೂರವು ತಿಳಿದರೆ ನಾವಿರುವ ತಾಣವು ನಿಶ್ಚಯವಾಗುವುದು. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ಕಾಲ ತಪ್ಪಿದರೆ ಸುಮಾರು ಒಂದು ಅಡಿಯ ದೂರ ತಪ್ಪುವುದೆಂದ ಮೇಲೆ ಆ ಗಡಿಯಾರಗಳು ಎಷ್ಟು ನಿಷ್ಕೃಷ್ಟವಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. 2000ದ ಮೇ ತಿಂಗಳವರೆಗೂ ಆ ದೇಶದವರು ಸಾಮಾನ್ಯರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ಸ್ವಲ್ಪ ತಪ್ಪನ್ನು ಬೆರೆಸಿದ್ದರು. ಅದನ್ನು ತೆಗೆದುಹಾಕಿದ ಮೇಲೆಯೇ ಮೋಟಾರಿನ ಯಂತ್ರಗಳು ಎಲ್ಲೆಡೆಯೂ ಹಬ್ಬಿದುವು.

ನಮ್ಮ ದೇಶದವರೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. 2013ರ ಜುಲೈ 1ರಿಂದ ಮೊದಲ್ಗೊಂಡು 2016ರವರೆಗೆ ಇಸ್ರೋ ಸಂಸ್ಥೆಯು ಏಳು ಉಪಗ್ರಹಗಳನ್ನು ಹಾರಿಸಿ, ನಾವಿಕ್ ಎಂಬ ಸ್ವದೇಶೀಯ ವ್ಯವಸ್ಥೆಯನ್ನು ಕಟ್ಟಿತು. ಅದರ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿದೆ. ಉಪಗ್ರಹಗಳನ್ನು ಅಂಕೆಯಲ್ಲಿಡುವ ದೊಡ್ಡ ಕಾರ್ಯಾಗಾರವು ನಮಗೆ ನೆರೆಯಾದ ಹಾಸನದಲ್ಲಿದೆ. ಆ ಉಪಗ್ರಹಗಳಲ್ಲಿ ಕೆಲವುಗಳ ಗಡಿಯಾರಗಳು ಕೆಟ್ಟುಹೋದುದುಂಟು. ಬದಲಿಗೆ ಹೊಸವನ್ನು ಕಳುಹಿಸುವ ಕೆಲಸವೂ ಆರಂಭವಾಯಿತು. ಆದುದರಿಂದ ಜಿ.ಪಿ.ಎಸ್. ಜೊತೆಗೆ ನಾವಿಕ್ಕನ್ನೂ ಗ್ರಹಿಸುವ ಯಂತ್ರವು ದೊರೆತರೆ ಸಂತೋಷವೇ. ಆದರೆ ಅದೊಂದಕ್ಕಾಗಿಯೇ ಹೆಚ್ಚು ಹಣ ತೆರಬೇಕಾದುದಿಲ್ಲ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದುಂಟು. ಉಪಗ್ರಹವು ನಾವಿರುವ ತಾಣವನ್ನು ತಿಳಿಯಲು ಮಾತ್ರ ನೆರವಾಗುವುದು. ಆ ತಾಣದಲ್ಲಿ ರಸ್ತೆಯಿದೆಯೋ, ಗದ್ದೆಯಿದೆಯೋ, ಹೊಳೆಯಿದೆಯೋ ಅದಕ್ಕೆ ತಿಳಿಯದು. ರಸ್ತೆಯನ್ನು ಹೇಳತಕ್ಕುದು ಯಂತ್ರದೊಳಗಿನ ಭೂಪಟ. 1800ರ ಸುಮಾರಿನಲ್ಲಿ ಲ್ಯಾಂಬ್ಟನ್ ಎಂಬ ಅಧಿಕಾರಿಯು ಬೆಂಗಳೂರಿನ ಬಳಿ ಸರಪಣಿಯೆಳೆದು ನೆಲವನ್ನಳೆದನು. ಮೆಕೆಂಜಿಯು ಮೈಸೂರು ಸೀಮೆಯನ್ನೆಲ್ಲ ಸರ್ವೆ ಮಾಡಿಸಿದನು. ಅಂದು ಆದಂತೆಯೇ ಇಂದಿಗೂ ಭೂಪಟವು ಮನುಷ್ಯಪ್ರಯತ್ನದಿಂದಲೇ ಆಗತಕ್ಕ ಕೆಲಸ. ಆಕಾಶದಿಂದ ಬರುವ ಸಂಕೇತವು ಬಡವಬಲ್ಲಿದರೆನ್ನದೆ ಎಲ್ಲರಿಗೂ ಸಮ. ಅದಕ್ಕೆ ಬೆಲೆಯೂ ಇಲ್ಲ. ಯಂತ್ರ ಯಂತ್ರಕ್ಕೂ ಇರುವ ತಾರತಮ್ಯವೆಲ್ಲ ಭೂಪಟದಲ್ಲಿದೆ. ಕೊಳ್ಳುವವರು ಹೊಳೆಯುವ ಪರದೆಯನ್ನು ನೋಡಿ ಮರುಳಾಗದೆ ಭೂಪಟವನ್ನು ಪರೀಕ್ಷಿಸಬೇಕೆಂಬುದಕ್ಕೆ ಇದೇ ಕಾರಣ.

ಇನ್ನು ಕ್ಯಾಮರಾ ವಿಚಾರ. ಯಂತ್ರವು ದೂರದ ಕ್ಯಾಮರಾವನ್ನು ಕಂಡುಹಿಡಿದು ಎಚ್ಚರಿಸುವುದೆಂದು ಹಲವರು ತಿಳಿದಿರುವರು. ಅದು ಹಾಗಲ್ಲ. ಎಲ್ಲೆಲ್ಲಿ ಕ್ಯಾಮರಾಗಳಿವೆಯೆಂಬ ಒಂದು ಪಟ್ಟಿಯನ್ನು ಅದರಲ್ಲಿ ತುಂಬಿರುವರು. ಗಾಡಿಯು ಪಟ್ಟಿಯಲ್ಲಿರುವ ಸ್ಥಳವನ್ನು ಸಮೀಪಿಸಿದಾಗ ಅದು ಸದ್ದು ಮಾಡುವುದು, ಅಷ್ಟೆ. ನಿನ್ನೆ ನೆಟ್ಟ ಕ್ಯಾಮರಾ ಹೋದ ವರ್ಷದ ಪಟ್ಟಿಯಲ್ಲಿರುವುದಿಲ್ಲ. ಪೊಲೀಸಿನವರು ಜೀಪಿನಲ್ಲಿ ತಂದು ಮರದ ನೆರಳಿನಲ್ಲಿ ನಿಲ್ಲಿಸುವ ವೇಗಮಾಪಕವು ಯಾವ ಪಟ್ಟಿಯಲ್ಲಿಯೂ ನಿಲ್ಲತಕ್ಕುದಲ್ಲ. ಮತ್ತೆ ಕೆಲವೆಡೆಗಳಲ್ಲಿ ಎರಡು ಕಂಬಗಳ ನಡುವಣ ದೂರವನ್ನು ಗಾಡಿಯು ಎಷ್ಟು ಹೊತ್ತಿನಲ್ಲಿ ದಾಟಿತೆಂಬ ಲೆಕ್ಕದಿಂದ ಸರಾಸರಿ ವೇಗವನ್ನು ತೆಗೆಯುವುದೂ ಉಂಟು. ಅಲ್ಲಿ ಕಂಬದ ಬಳಿ ಮಾತ್ರ ನಿಧಾನಿಸಿದವನಿಗೆ ಯಾವ ಪ್ರಯೋಜನವೂ ಇಲ್ಲ.

ಶಾಸನವು ಏನು ಹೇಳುವುದೆಂಬುದನ್ನೂ ನೋಡೋಣ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಮಿತಿಮೀರಿದ ವೇಗಕ್ಕಾಗಿ ಕಾರಿನಂತಹ ಹಗುರ ಗಾಡಿಗಳಿಗೆ 1,000 ರೂಪಾಯಿಗೆ ಕಡಮೆಯಿಲ್ಲದೆ 2,000 ರೂಪಾಯಿವರೆಗೆ ದಂಡ ವಿಧಿಸಬಹುದು. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮದ ಮೇರೆಗೆ, ಕ್ಯಾಮರಾ ಇರುವ ರಸ್ತೆಯಲ್ಲಿ ಎಲ್ಲರಿಗೂ ಕಾಣುವಂತೆ ಎಚ್ಚರಿಕೆಯ ಫಲಕವಿರಬೇಕು. ತಪ್ಪು ನಡೆದ ಹದಿನೈದು ದಿನಗಳೊಳಗಾಗಿ ಸೂಚನೆಯನ್ನು ಕಳುಹಿಸಬೇಕು. ಆದುದರಿಂದ ಕ್ಯಾಮರಾ ಎಲ್ಲಿದೆಯೆಂಬುದು ನಮ್ಮಲ್ಲಿ ಗುಟ್ಟಿನ ಸಂಗತಿಯಲ್ಲ. ಆದರೆ ಎಲ್ಲ ದೇಶಗಳ ರೀತಿಯೂ ಒಂದಲ್ಲ. ಫ್ರಾನ್ಸಿನಲ್ಲಿ 2012ರಿಂದ ಇಂತಹ ಎಚ್ಚರಿಕೆಯನ್ನು ನಿಷೇಧಿಸಿ, ಅಪಾಯದ ವಲಯವೆಂದು ಮಾತ್ರ ಹೇಳಲು ಅವಕಾಶವಿತ್ತಿರುವರು. ಜರ್ಮನಿ, ಸ್ವಿಟ್ಜರ್ಲೆಂಡುಗಳಲ್ಲಿಯೂ ಚಾಲಕನು ಇದನ್ನು ಬಳಸುವುದು ಅಪರಾಧ. ಹೊರನಾಡುಗಳಲ್ಲಿರುವ ಮಕ್ಕಳ ಬಳಿಗೆ ಹೋಗಿ ಗಾಡಿಯನ್ನು ಬಾಡಿಗೆಗೆ ಹಿಡಿಯುವವರು ಇದನ್ನು ನೆನಪಿನಲ್ಲಿಡುವುದೊಳ್ಳೆಯದು.

ಸೂಚನೆಯು ಗಾಡಿಯ ಒಡೆಯನ ಹೆಸರಿಗೆ ಬರುವುದನ್ನು ಕಂಡು "ಓಡಿಸಿದವನು ಮಗ, ದಂಡ ನನಗೆ!" ಎಂದು ಆಶ್ಚರ್ಯಪಡುವ ಹಿರಿಯರುಂಟು. ಈ ವಿಚಾರವೇನೂ ಹೊಸದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಗಳಿಂದಾಗುವ ಹಾನಿಯ ಪ್ರಸ್ತಾಪವಿದೆ. ಮೂಗುದಾರ ಹರಿದಾಗ, ನೊಗ ಮುರಿದಾಗ, ಅಚ್ಚು ಅಥವಾ ಗಾಲಿ ಮುರಿದಾಗ, "ಸರಿಯಿರಿ" ಎಂದು ಸಾರಥಿಯು ಕೂಗಿ ಹೇಳಿದ್ದಾಗ, ಇವೇ ಮೊದಲಾದ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಸಾರಥಿಯು ಅಕುಶಲನಾಗಿ ಗಾಡಿಯು ದಾರಿತಪ್ಪಿ ಹಾನಿಯಾದರೆ ಒಡೆಯನಿಗೆ 200 ಪಣ ದಂಡ. ಸಾರಥಿಯು ಕುಶಲನಾಗಿದ್ದೂ ತಪ್ಪಿದರೆ ದಂಡವು ಅವನಿಗೇ. ಕೈಲಾಗದವನಿಗೆ ಗಾಡಿಯನ್ನು ಒಪ್ಪಿಸಿದ ದೋಷವು ಒಡೆಯನದೆಂಬುದು ಇದರ ತಾತ್ಪರ್ಯ. ಮನೆಯ ಗಾಡಿಯ ಬೀಗದ ಕೈಯನ್ನು ಯಾರಿಗೆ ಕೊಡಬೇಕೆಂಬುದನ್ನು ನಿಶ್ಚಯಿಸುವ ಯಜಮಾನರು ಇದನ್ನು ಈಗಲೂ ಮನನ ಮಾಡಬಹುದು.

ಕ್ಯಾಮರಾಗಳು ಬಂದುದಾದರೂ ಏತಕ್ಕೆ? ಮೈಸೂರು ಬೆಂಗಳೂರುಗಳ ನಡುವಣ 118 ಕಿಲೋಮೀಟರಿನ ಹೊಸ ಹೆದ್ದಾರಿಯು 2023ರ ಮಾರ್ಚಿ 12ರಂದು ಉದ್ಘಾಟಿತವಾಯಿತು. ರಸ್ತೆಯು ಅಗಲವಾಯಿತು, ಒಡನೆಯೇ ವೇಗವೂ ಏರಿತು, ಆ ಒಂದೇ ವರ್ಷದಲ್ಲಿ ಅಲ್ಲಿ ಸತ್ತವರ ಸಂಖ್ಯೆಯು ನೂರನ್ನು ಮೀರಿತು. ಆ ವರ್ಷದ ಆಗಸ್ಟಿನಿಂದ ದ್ವಿಚಕ್ರ ವಾಹನಗಳನ್ನೂ ಆಟೋಗಳನ್ನೂ ಟ್ರ್ಯಾಕ್ಟರುಗಳನ್ನೂ ಮುಖ್ಯ ರಸ್ತೆಯಿಂದ ಹೊರಗಿಟ್ಟರು. 2024ರಲ್ಲಿ ಕ್ಯಾಮರಾಗಳನ್ನು ಸಾಲಾಗಿ ನೆಟ್ಟರು. ಅಲ್ಲಿ ಗಂಟೆಗೆ 100 ಕಿಲೋಮೀಟರೇ ಮಿತಿ. 130ನ್ನು ಮೀರಿದವರ ಮೇಲೆ ಮೊಕದ್ದಮೆಯನ್ನೇ ಹೂಡುವುದಾಗಿ ಪೊಲೀಸಿನವರು ಸಾರಿದರು. ಇದಾದ ಮೇಲೆ ಸಾವುಗಳು ಬಹಳವಾಗಿ ಇಳಿದುವು. ಹೀಗಿರುವಲ್ಲಿ ಕ್ಯಾಮರಾವನ್ನು ಶತ್ರುವೆಂದೆಣಿಸಿ, ಅದನ್ನು ವಂಚಿಸುವುದಕ್ಕಾಗಿಯೇ ಯಂತ್ರವನ್ನು ಕೊಳ್ಳುವುದು ವಿವೇಕವಲ್ಲ.

ಲೆಕ್ಕವನ್ನು ಹಾಕಿ ನೋಡಿದರೂ ಇದು ವೇದ್ಯವಾಗುವುದು. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಗಂಟೆಗೆ 60ರಂತೆ ಹೋದರೆ 45 ನಿಮಿಷ; 80ರಂತೆ ಹೋದರೆ 34 ನಿಮಿಷ. ಲಾಭವು 11 ನಿಮಿಷ ಮಾತ್ರ. ನಡುವೆ ಬಿಳಿಕೆರೆ, ಇಲವಾಲಗಳ ಸಂದಣಿಯಲ್ಲಿ ಅದರ ಅರ್ಧವೂ ಉಳಿಯುವುದಿಲ್ಲ. ಆದರೆ ಗಾಡಿಯ ಹೊಡೆತದ ಬಲವು ವೇಗದ ವರ್ಗವನ್ನನುಸರಿಸಿ ಬೆಳೆಯುವುದಾದುದರಿಂದ, 60ಕ್ಕಿಂತ 80ರಲ್ಲಿ ಅದು ಒಂದೂಮುಕ್ಕಾಲು ಪಾಲಿಗೂ ಹೆಚ್ಚು. 60ರಲ್ಲಿ ಹೋಗುವವನು ಕಣ್ಣಿಗೆ ಕಂಡುದನ್ನು ತಿಳಿದು ಬ್ರೇಕಿನ ಮೇಲೆ ಕಾಲಿಡುವ ಒಂದು ಸೆಕೆಂಡಿನಲ್ಲಿಯೇ ಗಾಡಿಯು 17 ಮೀಟರು ಮುಂದೆ ಹೋಗಿರುವುದು. 80ರಲ್ಲಿ 22, 100ರಲ್ಲಿ 28 ಮೀಟರು. ಹೊಗೆಸೊಪ್ಪು ತುಂಬಿದ ಟ್ರ್ಯಾಕ್ಟರು ದೀಪವಿಲ್ಲದೆ ಅಡ್ಡ ಬಂದರೆ, ಶಾಲೆ ಬಿಟ್ಟ ಮಗು ರಸ್ತೆ ದಾಟಿದರೆ, ಈ ಐದಾರು ಮೀಟರುಗಳೇ ಪ್ರಾಣವನ್ನುಳಿಸುವುವು.

ಆದುದರಿಂದ ನಮ್ಮ ಅಭಿಪ್ರಾಯವಿದು. ಕ್ಯಾಮರಾ ಬಂದಾಗ ಮಾತ್ರ ಕೂಗುವ ಯಂತ್ರಕ್ಕಿಂತ, ಆಯಾ ರಸ್ತೆಯ ವೇಗಮಿತಿಯನ್ನು ಸದಾ ತೋರಿಸುತ್ತ, ಅದನ್ನು ಮೀರಿದೊಡನೆ ಸದ್ದು ಮಾಡುವ ಯಂತ್ರವೇ ಮೇಲು. ಮಿತಿಯೊಳಗೆ ಹೋಗುವವನಿಗೆ ಕ್ಯಾಮರಾ ಇದ್ದರೇನು, ಇಲ್ಲದಿದ್ದರೇನು? 2019ರ ಜುಲೈಯಿಂದೀಚೆಗೆ ತಯಾರಾದ ಕಾರುಗಳಲ್ಲಿ 80ನ್ನು ಮೀರಿದಾಗ ಆಗಾಗ್ಗೆಯೂ, 120ನ್ನು ಮೀರಿದಾಗ ಎಡೆಬಿಡದೆಯೂ ಸದ್ದಾಗುವ ಏರ್ಪಾಡು ಇದ್ದೇ ಇದೆ. ಆದರೆ ಊರೊಳಗಣ 40ರ ಮಿತಿಯನ್ನು ಅದು ಅರಿಯದು. ಆ ಕೊರತೆಯನ್ನು ಒಳ್ಳೆಯ ಮಾರ್ಗಯಂತ್ರವು ತುಂಬುವುದು. ಗಾಡಿಯ ಮುಳ್ಳು ತೋರಿಸುವ ವೇಗಕ್ಕಿಂತ ಯಂತ್ರವು ತೋರಿಸುವ ವೇಗವು ಎರಡು ಮೂರರಷ್ಟು ಕಡಮೆಯಾಗಿ ಕಂಡರೆ ಗಾಬರಿಬೀಳಬೇಕಾದುದಿಲ್ಲ. ನಿಜಕ್ಕಿಂತ ಕಡಮೆಯನ್ನು ತೋರಿಸಕೂಡದೆಂಬ ನಿಯಮವಿರುವುದರಿಂದ ಕಾರು ತಯಾರಿಸುವವರು ಮುಳ್ಳನ್ನು ಕೊಂಚ ಮುಂದಾಗಿಯೇ ಇಟ್ಟಿರುವರು. ಆ ಅಂತರವನ್ನು ಇನ್ನಷ್ಟು ಓಡಿಸುವುದಕ್ಕೆ ಅನುಮತಿಯೆಂದು ಭಾವಿಸಬಾರದು.

ಇಂದು ಈ ಸೌಕರ್ಯವು ಮೂರು ಬಗೆಯಾಗಿ ದೊರೆಯುವುದು. ಮೊದಲನೆಯದು ಕಾರಿನೊಡನೆಯೇ ಬರುವ ಪರದೆ. ಎರಡನೆಯದು ಮೊಬೈಲು, ಗೂಗಲ್ ಮ್ಯಾಪ್ಸ್, 1995ರಲ್ಲಿ ಸ್ಥಾಪಿತವಾದ ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ಮೊದಲಾದುವು ಇದರಲ್ಲಿ ನಡೆಯುವುವು. ಮೂರನೆಯದು ಗಾಜಿಗೆ ಅಂಟಿಸಿ, ಬೇಕೆಂದಾಗ ಕಿತ್ತು ಬೇರೆ ಗಾಡಿಗೆ ಒಯ್ಯಬಹುದಾದ ಪ್ರತ್ಯೇಕ ಯಂತ್ರ. ಮೊಬೈಲಿನ ಭೂಪಟವು ದಿನದಿನವೂ ಹೊಸದಾಗುತ್ತಿರುವುದು, ಖರ್ಚೂ ಇಲ್ಲ. ಆದರೆ ದಾರಿ ಹೇಳುತ್ತಿರುವಾಗಲೇ ಕರೆ ಬರುವುದು, ಬಿಸಿಲಿಗೆ ಕಾದು ನಿಲ್ಲುವುದು, ಮನೆಯವರೆಲ್ಲರಿಗೂ ಬೇಕಾಗುವುದು, ಇವು ಅದರ ದೋಷಗಳು. ಪ್ರತ್ಯೇಕ ಯಂತ್ರಕ್ಕೆ ಈ ಕಾಟವಿಲ್ಲ. ಭೂಪಟವೆಲ್ಲ ಒಳಗೇ ಇರುವುದರಿಂದ ಸಿಗ್ನಲ್ಲಿಲ್ಲದ ಕಾಡಿನಲ್ಲಿಯೂ ಅದು ದಾರಿ ಹೇಳುವುದು. ಆದರೆ ಭೂಪಟವನ್ನೂ ಕ್ಯಾಮರಾ ಪಟ್ಟಿಯನ್ನೂ ಕಾಲಕಾಲಕ್ಕೆ ನಾವೇ ಹೊಸದು ಮಾಡಿಸಬೇಕು. ಅದಕ್ಕೆ ವರ್ಷ ವರ್ಷವೂ ಹಣ ಕೊಡಬೇಕೋ, ಯಂತ್ರದ ಬೆಲೆಯಲ್ಲಿಯೇ ಸೇರಿದೆಯೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ತಿಳಿಯತಕ್ಕದ್ದು. ಪರದೇಶದಿಂದ ಬಂಧುಗಳು ತಂದುಕೊಡುವ ಯಂತ್ರದಲ್ಲಿ ಭಾರತದ ಭೂಪಟವೇ ಇಲ್ಲದಿರುವುದುಂಟು. ಅದನ್ನು ಮೊದಲೇ ವಿಚಾರಿಸಬೇಕು.

ಅಂಗಡಿಯಲ್ಲಿ ಹಣ ಕೊಡುವುದಕ್ಕೆ ಮೊದಲು ನಮ್ಮ ಸೀಮೆಯವರು ಮಾಡಬೇಕಾದ ಪರೀಕ್ಷೆಗಳು ಕೆಲವುಂಟು. ಮೊದಲು ಹೆಸರಿನ ಪರೀಕ್ಷೆ. ಕೃಷ್ಣರಾಜರ ಹೆಸರನ್ನು ಹೊತ್ತ ಸ್ಥಳಗಳು ನಮ್ಮಲ್ಲಿ ಬಹಳ. ಕೆ.ಆರ್. ನಗರವು ನಮ್ಮ ಹಳೆಯ ಎಡತೊರೆಯ ಸೀಮೆ, ಕೆ.ಆರ್. ಪೇಟೆಯು ಮಂಡ್ಯ ಜಿಲ್ಲೆಯದು, ಕೆ.ಆರ್. ಪುರವು ಬೆಂಗಳೂರಿನದು, ಕೆ.ಆರ್. ಆಸ್ಪತ್ರೆಯು ಮೈಸೂರಿನದು, ಕೆ.ಆರ್.ಎಸ್. ಅಣೆಕಟ್ಟೆಯು ಮತ್ತೊಂದು. ಯಂತ್ರವು ಇವುಗಳನ್ನು ಬೇರೆ ಬೇರೆಯಾಗಿ, ಜಿಲ್ಲೆ ತಾಲ್ಲೂಕುಗಳೊಡನೆ ತೋರಿಸುವುದೇ ಎಂದು ನೋಡಬೇಕು. ಹೊಸಹಳ್ಳಿ, ಹೊಸೂರು, ಕೊಪ್ಪಲು ಎಂಬ ಹೆಸರುಗಳಂತೂ ಪ್ರತಿ ತಾಲ್ಲೂಕಿನಲ್ಲಿಯೂ ಇವೆ. ಅವಸರದ ರೋಗಿಯನ್ನು ಒಯ್ಯುವಾಗ ಒಂದು ಹೆಸರು ತಪ್ಪಿದರೆ ಆಗುವ ಅನರ್ಥವನ್ನು ಹೇಳಬೇಕಾದುದಿಲ್ಲ. ಗೂಗಲ್ಲಿನವರು 2021ರಿಂದ ಊರುಗಳ ಹೆಸರುಗಳನ್ನು ಕನ್ನಡಲಿಪಿಯಲ್ಲಿಯೂ ಹುಡುಕಲು ಅನುಕೂಲ ಮಾಡಿರುವರು. ಪ್ರತ್ಯೇಕ ಯಂತ್ರದಲ್ಲಿ ಕನ್ನಡವಿದೆಯೇ, ಅದು ನುಡಿಯುವ ಕನ್ನಡವು ಮನೆಯ ಹಿರಿಯರಿಗೆ ತಿಳಿಯುವಂತಿದೆಯೇ ಎಂಬುದನ್ನು ಕೇಳಿಯೇ ಕೊಳ್ಳಬೇಕು.

ಎರಡನೆಯದು ನೀರಿನ ಪರೀಕ್ಷೆ. ಕಬಿನಿಯ ಹಿನ್ನೀರಿನ ಒಂದು ದಡದ ಹಳ್ಳಿಯಿಂದ ಎದುರು ದಡದ ಹಳ್ಳಿಗೆ ದಾರಿಯನ್ನು ಕೇಳಿರಿ. ನೀರನ್ನು ಬಳಸಿಕೊಂಡು ಹೋಗುವ ರಸ್ತೆಯನ್ನು ಅದು ತೋರಿಸಿದರೆ ಸರಿ. ನೇರವಾಗಿ ಗೆರೆಯೆಳೆದರೆ ಆ ಯಂತ್ರವು ನಮಗೆ ಬೇಡ.

ಮೂರನೆಯದು ಕಾಡಿನ ಪರೀಕ್ಷೆ; ಇದು ಎಲ್ಲಕ್ಕಿಂತ ಮುಖ್ಯ. ಹೆಗ್ಗಡದೇವನಕೋಟೆ, ಅಂತರಸಂತೆಗಳ ಮೇಲೆ ಬಾವಲಿಯನ್ನು ದಾಟಿ ಮಾನಂದವಾಡಿಗೆ ಹೋಗುವ ರಸ್ತೆಯನ್ನು ವನ್ಯಮೃಗಗಳ ರಕ್ಷಣೆಗಾಗಿ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚುವರು. ಹುಣಸೂರಿನಿಂದ ವೀರನಹೊಸಹಳ್ಳಿಯ ಮೇಲೆ ನಾಗರಹೊಳೆಗೆ ಹೋಗುವ ಕಾಡುದಾರಿಯೂ ರಾತ್ರಿ ತೆರೆದಿರುವುದಿಲ್ಲ. ಸಂಜೆ ಏಳಕ್ಕೆ ಹೊರಟವನಿಗೆ ಯಂತ್ರವು ಈ ದಾರಿಯನ್ನೇ ಹೇಳುವುದೋ, ಮುಚ್ಚಿದೆಯೆಂದು ತಿಳಿಸುವುದೋ ಪರೀಕ್ಷಿಸಬೇಕು. ತಿಳಿಸದ ಯಂತ್ರವಾದರೆ ಗೇಟಿನ ಹೊತ್ತನ್ನು ಮನೆಯವರೇ ನೆನಪಿಟ್ಟು ಹೊರಡಬೇಕು. ಮಕ್ಕಳುಮರಿಗಳೊಡನೆ ಕಾಡಂಚಿನಲ್ಲಿ ರಾತ್ರಿ ಕಳೆಯುವ ಪಾಡು ಯಾರಿಗೂ ಬರಬಾರದು. 2024ರ ಡಿಸೆಂಬರಿನಲ್ಲಿ ಉತ್ತರದೇಶದಿಂದ ಗೋವೆಗೆ ಹೊರಟ ಸಂಸಾರವೊಂದು ಮೊಬೈಲು ಹೇಳಿದ ಹತ್ತಿರದ ದಾರಿಯನ್ನು ನಂಬಿ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡನ್ನು ಹೊಕ್ಕು, ಸಿಗ್ನಲ್ಲಿಲ್ಲದೆ ರಾತ್ರಿಯನ್ನು ಗಾಡಿಯಲ್ಲಿಯೇ ಕಳೆಯಬೇಕಾಯಿತು. ಕೊನೆಗೆ 112ಕ್ಕೆ ಕರೆಮಾಡಿ ಪೊಲೀಸಿನವರ ನೆರವಿನಿಂದ ಹೊರಬಂದರು. ಅದರ ಹಿಂದಿನ ತಿಂಗಳಿನಲ್ಲಿ ಉತ್ತರಪ್ರದೇಶದ ಬರೇಲಿಯ ಬಳಿ ಪೂರ್ತಿಯಾಗದ ಸೇತುವೆಯ ಮೇಲೆ ಹೋದ ಕಾರು ರಾಮಗಂಗೆಗೆ ಬಿದ್ದು ಮೂವರು ಪ್ರಾಣಬಿಟ್ಟರು. ಯಂತ್ರವು ಹೇಳಿದ ದಾರಿಯನ್ನು ಕಣ್ಣು ಒಪ್ಪದಿದ್ದರೆ ಕಣ್ಣನ್ನೇ ನಂಬಬೇಕು.

ಇನ್ನು ಯಂತ್ರವನ್ನು ಇಡುವ ಬಗೆ. ಪರದೆಯು ಐದು ಆರು ಅಂಗುಲವಿದ್ದರೆ ಸಾಕು. ಬಹಳ ದೊಡ್ಡದಾದರೆ ಗಾಜನ್ನು ಮರೆಮಾಡುವುದು. ಚಾಲಕನ ನೋಟಕ್ಕೆ ಅಡ್ಡವಾಗದಂತೆ, ಗಾಳಿಚೀಲವು ಬಿಚ್ಚಿಕೊಳ್ಳುವ ಸ್ಥಳವನ್ನು ಬಿಟ್ಟು, ಗಾಜಿನ ಕೆಳಮೂಲೆಯಲ್ಲಿ ನಿಲ್ಲಿಸಬೇಕು. ಗಾಡಿಯಿಂದಲೇ ವಿದ್ಯುತ್ತನ್ನು ಪಡೆಯುವ ತಂತಿಯಿರಬೇಕು. ಒಳಗಿನ ಬ್ಯಾಟರಿಯನ್ನೇ ನೆಚ್ಚಿ ದೂರ ಹೊರಡಬಾರದು. ಬೇಸಗೆಯಲ್ಲಿ ಗಾಡಿ ನಿಲ್ಲಿಸಿದಾಗ ಯಂತ್ರವನ್ನು ಬಿಸಿಲಿನಲ್ಲಿ ಬಿಡದೆ ಒಳಗೆ ತೆಗೆದಿಡಬೇಕು. ಹೋಗಬೇಕಾದ ಊರನ್ನು ಹೊರಡುವ ಮೊದಲೇ ತುಂಬಬೇಕು. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಗಾಡಿ ಓಡಿಸುವಾಗ ಕೈಯ ಯಂತ್ರವನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ, ಬಳಸಬಹುದು. ದಾರಿಯಲ್ಲಿ ಬದಲಾಯಿಸಬೇಕಾಗಿ ಬಂದರೆ ಪಕ್ಕದಲ್ಲಿ ಕುಳಿತ ಮನೆಯವರು ಆ ಕೆಲಸವನ್ನು ಮಾಡಲಿ. ಇಲ್ಲವೇ ಗಾಡಿಯನ್ನು ಬದಿಗೆ ನಿಲ್ಲಿಸಿ ಮಾಡಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಮನೆಯಲ್ಲಿ ಒಳ್ಳೆಯ ಮೊಬೈಲೊಂದಿದ್ದು, ಮೈಸೂರು ಬೆಂಗಳೂರುಗಳಿಗೆ ಮಾತ್ರ ಹೋಗಿಬರುವವರು ಭದ್ರವಾದ ಒಂದು ಹಿಡಿಕೆಯನ್ನು ಕೊಂಡು, ನಮ್ಮ ಜಿಲ್ಲೆ ಮತ್ತು ಕೊಡಗು, ವಯನಾಡುಗಳ ಭೂಪಟವನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡರೆ ಸಾಕು. ಕಾಡುಸೀಮೆಗಳಲ್ಲಿ ಪದೇ ಪದೇ ಸಂಚರಿಸುವವರು, ಮೊಬೈಲನ್ನು ಒಗ್ಗಿಸಿಕೊಳ್ಳದ ಹಿರಿಯರು, ಒಂದೇ ಗಾಡಿಯನ್ನು ಹಲವರು ಓಡಿಸುವ ಮನೆಯವರು ಪ್ರತ್ಯೇಕ ಯಂತ್ರವನ್ನು ಮೇಲೆ ಹೇಳಿದ ಪರೀಕ್ಷೆಗಳಿಗೆ ಒಡ್ಡಿ ಕೊಳ್ಳಬಹುದು. ಕ್ಯಾಮರಾ ಎಚ್ಚರಿಕೆಯು ಇದ್ದರೆ ಇರಲಿ. ಆದರೆ ಆರಿಸುವಾಗ ಅದಕ್ಕೆ ಕೊನೆಯ ಸ್ಥಾನವನ್ನು ಕೊಡಬೇಕು. ವೇಗಮಿತಿಯ ಎಚ್ಚರಿಕೆಗೆ ಮೊದಲ ಸ್ಥಾನ, ಭೂಪಟದ ನಂಬುಗೆಗೆ ಎರಡನೆಯದು, ಭಾಷೆಯ ಸೌಲಭ್ಯಕ್ಕೆ ಮೂರನೆಯದು. ದಂಡವನ್ನು ತಪ್ಪಿಸಿಕೊಂಡವನು ಒಂದೆರಡು ಸಾವಿರ ರೂಪಾಯಿಗಳನ್ನು ಉಳಿಸುವನು. ವೇಗವನ್ನು ತಡೆದುಕೊಂಡವನು ತನ್ನ ಗಾಡಿಯೊಳಗಿನವರನ್ನೂ ದಾರಿಯ ಮೇಲಿನವರನ್ನೂ ಉಳಿಸುವನು.